ನೆಂಟರಿಗೆ ಇಟ್ಟ ಬೋಂಡ

ನಮ್ಮ ಪದ್ದತ್ತೆ ಇಲಿಯನ್ನು ಇಲಿ ಎಂದು ಕರೆಯುತ್ತಿರಲಿಲ್ಲ. "ಹೆಸ್ರು ಹೇಳಿದ್ರೆ ಕೇಳಿಸ್ಕೊಂಡು ಹುಷಾರಾಗ್ತಾವೆ ಕಣೋ" ಎನ್ನುತ್ತಿದ್ದರು. ಅವರ ಬಾಯಲ್ಲಿ ಅವು ನೆಂಟರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು ಹೀಗೆನ್ನುತ್ತಾರಲ್ಲ ಎಂದು ನನಗೆ ನಗು.

ವಾರವಿಡೀ ಚಾಮರಾಜಪೇಟೆಯ ಮನೆಯಲ್ಲಿದ್ದು, ಶನಿವಾರ ನನ್ನ ಕಾರಿನಲ್ಲಿ ಮಾಗಡಿ ಕಡೆಯ ತಮ್ಮ ತೋಟಕ್ಕೆ ಹೊರಡುವುದು ಅವರ ರೂಢಿ. ಅಲ್ಲಿ ಭೀಮನೆಂಬ ನಾಯಿ, ಸುಬ್ಬಿಯೆಂಬ ಬೆಕ್ಕು, ರಾಗಿಮೂಟೆ ಪೇರಿಸಿದ ಒಂದು ಕೋಣೆ, ಕರೆಯದೇ ಬಂದ ನೆಂಟರು. ಬೆಕ್ಕಿದ್ದೂ ಹೀಗೇಕೆ ಎಂದು ಕೇಳಿದೆ. "ಹೊತ್ತುಹೊತ್ತಿಗೆ ಹಾಲು ಸಿಗತ್ತಲ್ಲ. ಅವಳದು ಸರ್ಕಾರಿ ಕೆಲಸ" ಎಂದರು.

ಒಂದು ಸಲ ಕೋಣೆಯ ನೆಲಕ್ಕೂ ಜಗುಲಿಗೂ ಅಕ್ಕಿಹಿಟ್ಟು ಉದುರಿಸಿಟ್ಟರು. ಬೆಳಗ್ಗೆ ಎದ್ದವರೇ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಮಂಡಿಯೂರಿ, ಹಿಟ್ಟಿನ ಮೇಲಿನ ಹೆಜ್ಜೆ ಓದತೊಡಗಿದರು. ನಾನೂ ಪಕ್ಕದಲ್ಲಿ ಬಗ್ಗಿದೆ. ಹೆಜ್ಜೆಗಳೆಲ್ಲ ಜಗುಲಿಯ ಮೇಲಿದ್ದ ಭೀಮನ ತಟ್ಟೆಗೆ ಹೋಗಿದ್ದವು! "ನಾವು ಸಾಕ್ತಿರೋದು ಒಬ್ಬನ್ನ, ಉಣ್ತಿರೋದು ಇಡೀ ಬಳಗ ನೋಡು." ಅಂದಿನಿಂದ ನಾಯಿ ಉಂಡೊಡನೆ ತಟ್ಟೆ ತೊಳೆದು ಎತ್ತಿಡಬೇಕೆಂದು ತೋಟದ ಆಳಿಗೆ ಕಟ್ಟಪ್ಪಣೆ. ನಗರ್ತಪೇಟೆಯಿಂದ ತಂದ ಬೋನಿಗೆ ಸುಟ್ಟ ಕೊಬ್ಬರಿ ಸಿಕ್ಕಿಸಿ, ಮೊದಲ ವಾರ ಬಾಗಿಲು ಬೀಳದಂತೆ ಕಟ್ಟಿಟ್ಟರು. "ಮೊದ್ಲು ನಂಬಿಕೆ ಬರ್ಲಿ" ಎಂದರು.

ತಟ್ಟೆ ತಪ್ಪಿದ ಇಲಿಗಳು ಬೋನಿಗೆ ಬೀಳದೆ ರಾಗಿಗೆ ತಿರುಗಿದವು. ಮೂಟೆಮೂಟೆಗೂ ತೂತು ಬಿದ್ದಾಗ ಅತ್ತೆ ತಾಳ್ಮೆಗೆಟ್ಟರು. ಬೋಂಡದೊಳಗೆ ಪಾಷಾಣ ತುಂಬಿ ಅಟ್ಟದ ಮೇಲಿಟ್ಟು, ಆಗಷ್ಟೇ ಕೆಲಸಕ್ಕೆ ಸೇರಿದ್ದ ನಂಜಪ್ಪನಿಗೆ ಹೇಳಿದರು: "ನೆಂಟರಿಗೆ ಇಟ್ಟಿದೀನಿ, ಮುಟ್ಬೇಡ." ನಾವು ಚಾಮರಾಜಪೇಟೆಗೆ ಮರಳಿದೆವು.

ಮರುದಿನ ಸಂಜೆ ನಂಜಪ್ಪನ ಫೋನು. "ಅಮ್ಮೋರೇ, ನೆಂಟ್ರು ಬರ್ಲೇ ಇಲ್ಲ. ಅಳಸೋಯ್ತದೆ ಅಂತ ಭೀಮಂಗೆ ಒಂದು ಹಾಕ್ದೆ."

"ಇಲಿ! ಇಲಿ ಪಾಷಾಣ ಕಣೋ ಅದು!" ಎಂದು ಅತ್ತೆ ಚೀರಿದರು. ಆ ಪದವನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ನಂಜಪ್ಪ ಭೀಮನನ್ನು ಹೊತ್ತುಕೊಂಡೇ ಪಶುವೈದ್ಯರ ಬಳಿಗೆ ಓಡಿದ. ಹತ್ತು ದಿನದ ಇಂಜೆಕ್ಷನ್ನಿನ ಮೇಲೆ ನಾಯಿ ಎದ್ದು ನಿಂತಿತು. ತೋಟದಿಂದ ಪಾಷಾಣ ಹೊರಗೆ ಹೋಯಿತು, ರಾಗಿ ತಗಡಿನ ಡ್ರಮ್ಮಿಗೆ ಸೇರಿತು. ನನ್ನ ಪಾಲಿಗೆ ವಿಷಯ ಅಲ್ಲಿಗೆ ಮುಗಿದಿತ್ತು.

ಕಳೆದ ವರ್ಷ ಹಾಸಿಗೆ ಹಿಡಿದ ಅತ್ತೆಯನ್ನು ನೋಡಲು ಹೋದಾಗ ನಗಿಸೋಣವೆಂದು ಆ ಬೋಂಡದ ಮಾತೆತ್ತಿದೆ. ಅವರು ನಗಲಿಲ್ಲ. "ನಂಜಪ್ಪ ತಾನೇ ತಿಂದಿದ್ರೆ ನಾನು ಏನ್ ಮಾಡ್ತಿದ್ದೆ ಹೇಳೋ?" ಎಂದು ಕೇಳಿದರು. ಇಷ್ಟು ವರ್ಷ ನನಗೆ ಆ ಯೋಚನೆಯೇ ಬಂದಿರಲಿಲ್ಲ. ನಾಚಿಕೆಯಾಯಿತು. ನಮ್ಮ ಕೊನೆಯ ಮಾತು ಅದೇ.

ಅವರು ಹೋದ ಮೇಲೆ ತೋಟಕ್ಕೆ ಹೋಗಿ, ಅವರು ಕೇಳಿದ್ದನ್ನು ನಂಜಪ್ಪನಿಗೆ ಹೇಳಿದೆ.

"ಗೊತ್ತು ಸಾರ್. ಅವತ್ತಿಂದ ನಂಗೆ ಏನೇ ತಿನ್ನಾಕೆ ಕೊಟ್ರೂ ಮೊದ್ಲು ಒಂದು ಚೂರು ಮುರ್ಕೊಂಡು, ನನ್ ಮುಂದೇನೇ ತಿಂದು, ಆಮೇಲೆ ಕೊಡೋರು. ಬ್ಯಾಡ ಬುಡಿ ಅಮ್ಮೋರೇ ಅಂದ್ರೂ ಕೇಳ್ತಿರ್ಲಿಲ್ಲ."