ಮೂರನೆಯ ನಂಬರಿಗೆ ಕಲಿಸಿದ ಕುದುರೆ

ನಮ್ಮ ಕಡೆಯ ದೊಡ್ಡ ಟಾಂಗಾ ಶರ್ಯತ್ತಿಗೆ ಗೆದ್ದು ಹೋಗುವವನು ಹುಚ್ಚ. ಜಾಣನಾದವನು ಸೋತು ಹೋಗುತ್ತಾನೆ, ಅದೂ ಲೆಕ್ಕಾಚಾರದಿಂದ ಸೋತು.

ಅಕ್ಕಲಕೋಟದಿಂದ ದುಧನಿಯ ದಿಕ್ಕಿಗೆ ಮೈಲುಗಟ್ಟಲೆ ಓಡುವ ಶರ್ಯತ್ತು ಅದು. ಅದಕ್ಕೆ ಕುದುರೆ ಹೂಡಬೇಕಾದರೆ ಮೊದಲು ಎರಡು ಸಣ್ಣ ಶರ್ಯತ್ತುಗಳಲ್ಲಿ ಮೊದಲ ಮೂರರೊಳಗೆ ಬಂದಿರಬೇಕು. ಸಣ್ಣದರಲ್ಲಿ ಗೆದ್ದ ಕುದುರೆಗೆ ದೊಡ್ಡ ಶರ್ಯತ್ತಿನ ದಿನ ಗೆಲುವಿಗೊಂದು ಉಸುಕಿನ ಚೀಲವನ್ನು ಟಾಂಗಾದಲ್ಲಿ ಹೇರುತ್ತಾರೆ. ಎರಡನೆಯದಕ್ಕೆ ಅರ್ಧ ಚೀಲ. ಮೂರನೆಯದಕ್ಕೆ ಏನೂ ಇಲ್ಲ. ಎಲ್ಲ ಕುದುರೆಗಳೂ ಸಮ ಆಗಲಿ ಎಂದು ಪಂಚರು ಮಾಡಿದ ನಿಯಮ. ಆದದ್ದು ಇಷ್ಟೇ: ಸಣ್ಣ ಶರ್ಯತ್ತಿನಲ್ಲಿ ಗೆರೆ ಹತ್ತಿರ ಬಂದಂತೆ ಎಲ್ಲರೂ ಲಗಾಮು ಜಗ್ಗುತ್ತಾರೆ. ಮೂರನೆಯ ನಂಬರಿಗಾಗಿ ಹೊಡೆದಾಟವಾಗಿ ಒಬ್ಬನ ಎರಡು ಹಲ್ಲು ಉದುರಿದ್ದನ್ನು ನಾನೇ ಕಂಡಿದ್ದೇನೆ.

ಕುರನೂರಿನ ಹತ್ತಿರ ನಮ್ಮ ಹೊಲ. ಮನೆಯ ಯಜಮಾನ ಅಣ್ಣ, ಕುದುರೆಯನ್ನು ಮರಿಯಿದ್ದಾಗಿನಿಂದ ಸಾಕಿದವನು ನಾನು. ಕಂದು ಬಣ್ಣದ ಹೆಣ್ಣುಗುದುರೆ. ನಾನು ಕೊಟ್ಟಿಗೆಯ ಬಾಗಿಲಲ್ಲಿ ಕೆಮ್ಮಿದರೆ ಸಾಕು, ಮೂತಿ ಚಾಚುತ್ತಿತ್ತು. ಅಣ್ಣನಿಗೆ ಅದು ಸುಮ್ಮನೆ ತಿನ್ನುವ ಬಾಯಿ.

"ಈ ವರ್ಷ ದೊಡ್ಡ ಶರ್ಯತ್ತ ಹೊಡದ್ರ ಇರಲಿ," ಅಂದ. "ಇಲ್ಲಂದ್ರ ಸೊಲ್ಲಾಪುರದ ವರಾತಿನವಗ ಕೊಡೂದ. ಮದುವಿ ಮೆರವಣಿಗ್ಯಾಗ ಕುಣೀಲಿ."

ಆ ಕುದುರೆಗಳನ್ನು ನಾನು ನೋಡಿದ್ದೆ. ಕಿವಿಯ ಪಕ್ಕದಲ್ಲೇ ಡಿಜೆ, ಕಾಲ ಬುಡದಲ್ಲಿ ಪಟಾಕಿ. ಕೊಡುವುದಿಲ್ಲ ಎಂದು ಹಟ ಹಿಡಿದೆ. ಆ ಹಟವೇ ಎಲ್ಲಕ್ಕೂ ಮೂಲ.

ಮೊದಲ ಸಣ್ಣ ಶರ್ಯತ್ತು ನಂದೇಶ್ವರದ ಬಯಲಿನಲ್ಲಿ. ಕುದುರೆ ಎಲ್ಲರಿಗಿಂತ ಮುಂದಿತ್ತು. ಗೆರೆಯ ಕೆಂಪು ಬಾವುಟ ಕಂಡೊಡನೆ ಲಗಾಮು ಜಗ್ಗಿದೆ. ಅದಕ್ಕೆ ತಿಳಿಯಲಿಲ್ಲ, ಇನ್ನೂ ಜೋರಾಗಿ ಓಡಿತು. ಎರಡೂ ಕಾಲು ಹಲಗೆಗೆ ಒತ್ತಿ ಮೈಯ ಭಾರವನ್ನೆಲ್ಲ ಲಗಾಮಿಗೆ ಬಿಟ್ಟೆ. ಕೆಂಪು ನೊರೆ ಹಾರಿ ನನ್ನ ಅಂಗಿಗೆ ಸಿಡಿಯಿತು. ಎರಡು ಟಾಂಗಾ ದಾಟಿದವು. ಮೂರನೆಯ ನಂಬರು ನಮ್ಮದು. ಪಂಚರು ಬೆನ್ನು ತಟ್ಟಿದರು.

ಅಣ್ಣನಿಗೆ ಅಷ್ಟು ಸಾಲಲಿಲ್ಲ. "ಎರಡನೇದ್ರಾಗ ಇದು ಗೆದ್ದು ಗಿದ್ದೀತು," ಎಂದು ಒಳಗೆ ಮುಳ್ಳಿರುವ ಕಡಿವಾಣ ತಂದ. ಕಾಲುವೆಯ ದಾರಿಯಲ್ಲಿ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನಿಲ್ಲಿಸಿದ. ದಿನಾ ಮುಂಜಾನೆ ಆ ಬಟ್ಟೆಯವರೆಗೆ ಓಡಿಸುವುದು, ಹತ್ತಿರ ಬಂದೊಡನೆ ಜಗ್ಗುವುದು. ನಾಲಿಗೆ ಸೀಳಿತು. ತುಟಿಯ ಮೂಲೆ ಹರಿದು ಹುಣ್ಣಾಯಿತು. ನಾನು ಅರಿಷಿಣ ಮೆತ್ತುತ್ತಿದ್ದೆ, ಮರುದಿನ ಅದೇ ಗಾಯವನ್ನು ಮತ್ತೆ ಹರಿಯುತ್ತಿದ್ದೆ. ಮೂಕ ಪ್ರಾಣಿಯನ್ನು ಉಳಿಸಿಕೊಳ್ಳುವುದಕ್ಕೇ ಇದೆಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಥೂ ನನ್ನ ಜನ್ಮಕ್ಕೆ. ಎರಡನೆಯ ಸಣ್ಣ ಶರ್ಯತ್ತಿನಲ್ಲೂ ಮೂರನೆಯ ನಂಬರು ಬಂತು.

ದೊಡ್ಡ ಶರ್ಯತ್ತಿನ ದಿನ ನಮ್ಮ ಟಾಂಗಾದಲ್ಲಿ ಒಂದು ಹಿಡಿ ಉಸುಕೂ ಇರಲಿಲ್ಲ. ಚಾಬೂಕು ಹಿಡಿಯುವುದಿಲ್ಲ ಎಂದು ಎಲ್ಲರೂ ಸಹಿ ಮಾಡಿದ್ದರು. ಅಣ್ಣ ಒಬ್ಬನ ಬೈಕಿನ ಹಿಂದೆ ಕೂತು ಪಕ್ಕದಲ್ಲೇ ಬಂದ. ಕುದುರೆ ಉಳಿದವರನ್ನೆಲ್ಲ ಎಷ್ಟು ಹಿಂದೆ ಬಿಟ್ಟಿತೆಂದರೆ, ತಿರುಗಿ ನೋಡಿದರೆ ಬರೀ ಧೂಳು. ನಾನು ಅಳುತ್ತಿದ್ದೆ, ಸಂತೋಷದಿಂದ.

ಆಮೇಲೆ ಬಾವುಟ ಕಂಡಿತು.

ನಾನು ಲಗಾಮು ಪೂರಾ ಸಡಿಲ ಬಿಟ್ಟಿದ್ದೆ. ಆದರೂ ಕುದುರೆ ತಾನಾಗಿ ನಿಧಾನವಾಯಿತು. ಕತ್ತು ಮೇಲೆತ್ತಿ, ಬಾಯಿ ತೆರೆದು, ಇನ್ನೇನು ಲಗಾಮು ಜಗ್ಗುತ್ತಾರೆ ಎಂಬಂತೆ ನಡೆಯತೊಡಗಿತು. ಕೂಗಿದೆ, ಬೇಡಿಕೊಂಡೆ. ಮೊದಲು ಒಂದು ಟಾಂಗಾ ದಾಟಿತು, ಆಮೇಲೆ ಇನ್ನೊಂದು. ನಾವು ಕಲಿಸಿದಂತೆಯೇ ಅದು ಮೂರನೆಯದಾಗಿ ಗೆರೆ ದಾಟಿತು.

ಅಣ್ಣ ಬೈಕಿನಿಂದ ಜಿಗಿದು, ಅಂಗಿಯೊಳಗೆ ಅಡಗಿಸಿಕೊಂಡಿದ್ದ ನೀರಿನ ಪೈಪಿನ ತುಂಡಿನಿಂದ ಅದರ ಬೆನ್ನಿಗೆ, ಕಾಲಿಗೆ ಬಾರಿಸಿದ. ನಾನು ಆ ಪೈಪು ಕಸಿದು ಅವನಿಗೆ ಬಾರಿಸಿದೆ. ಒಂದು ಏಟಲ್ಲ, ಎಷ್ಟೋ. ಜನ ಹಿಡಿಯುವಷ್ಟರಲ್ಲಿ ಅವನ ಹೆಗಲ ಮೂಳೆ ಮುರಿದಿತ್ತು. ಕೈ ತಡೆದವನ ಮೂಗಿಗೂ ಬಿತ್ತು. ಅಣ್ಣನನ್ನು ಹೊಡೆದೆನಲ್ಲ ಎಂಬ ದುಃಖ ನನಗೆ ಇವತ್ತಿಗೂ ಪೂರ್ತಿ ಬಂದಿಲ್ಲ.

ಮನೆಯಲ್ಲಿ ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ ಅಣ್ಣ ಗೋಡೆಯ ಕಡೆ ಮುಖ ಮಾಡಿ ಹೇಳಿದ, "ಇಟ್ಕೋ ನಿನ್ನ ಕುದರಿ. ಇನ್ನ ನಾ ಏನೂ ಅನ್ನಂಗಿಲ್ಲ."

ನನಗೆ ಬೇಕಾದದ್ದು ಸಿಕ್ಕಿತ್ತು. ಕೊಟ್ಟಿಗೆಗೆ ಹೋದೆ. ನನ್ನ ಹೆಜ್ಜೆಯ ಸಪ್ಪಳಕ್ಕೇ ಕುದುರೆ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡಿತು. ಕೈ ಎತ್ತಿದರೆ ಕತ್ತು ಮೇಲೆತ್ತಿ ನಡುಗಿತು. ನಾಲ್ಕು ದಿನ ಹೋಗಿ ನಿಂತೆ, ನಾಲ್ಕೂ ದಿನ ಹಾಗೆಯೇ. ನಾನಿಟ್ಟ ನೀರನ್ನು ಮುಟ್ಟಲಿಲ್ಲ. ಅತ್ತಿಗೆ ಇಟ್ಟರೆ ಕುಡಿಯಿತು.

ಐದನೆಯ ದಿನ ಸೊಲ್ಲಾಪುರದವನಿಗೆ ನಾನೇ ಫೋನು ಮಾಡಿದೆ. ಟೆಂಪೋ ಹತ್ತಿಸಲು ಅಣ್ಣ ಎದ್ದು ಬಂದು ಒಂದೇ ಕೈಯಲ್ಲಿ ಹಗ್ಗ ಹಿಡಿದ. ಅವನ ಹಿಂದೆ ಅದು ಸುಮ್ಮನೆ ನಡೆಯಿತು. ನಾನು ಎದುರಿಗಿದ್ದರೆ ಹತ್ತುವುದಿಲ್ಲವೆಂದು ನನ್ನನ್ನು ಮನೆಯೊಳಗೆ ಕಳಿಸಿದ್ದರು.