ಉಳ್ಳಾಗಡ್ಡಿ ಹೂವಿನ ಹೊಲದಲ್ಲಿ ತಂಬಾಕಿನ ಹೊಗೆ

ಬೋರಗಾಂವದ ಹೊರಗೆ ಅಕ್ಕನ ಹೊಲದಲ್ಲಿ ಆ ಮುಂಜಾನೆ ನಾನು ಮೊದಲು ಕಂಡದ್ದು ಜೇನುಪೆಟ್ಟಿಗೆಗಳ ಮುಂದೆ ರಾಶಿ ಬಿದ್ದಿದ್ದ ಹುಳಗಳನ್ನು. ಕೆಲವು ಇನ್ನೂ ಅಂಗಾತ ಬಿದ್ದು ಕಾಲಾಡಿಸುತ್ತಿದ್ದವು. ಗಾಳಿಯಲ್ಲಿ ನಿಪ್ಪಾಣಿಯ ತಂಬಾಕು ಗೋದಾಮುಗಳ ಘಾಟು ಇತ್ತು. ಯಾರೋ ಪೆಟ್ಟಿಗೆಗಳಿಗೆ ತಂಬಾಕಿನ ಹೊಗೆ ಹಾಕಿದ್ದರು.

ಆ ನಾಲ್ಕು ಪೆಟ್ಟಿಗೆ ಅಕ್ಕನವು. ಅವಳೇ ಕಲಿತು, ಅವಳೇ ಕಡಿಸಿಕೊಂಡು ಬೆಳೆಸಿದ್ದು. ಪಕ್ಕದಲ್ಲಿ ಅವಳ ಗಂಡ, ಅಂದರೆ ನನ್ನ ಮಾವ, ಬೀಜಕ್ಕೆಂದು ಬಿಟ್ಟ ಉಳ್ಳಾಗಡ್ಡಿ ಬಿಳಿ ಚೆಂಡುಗಳಾಗಿ ಹೂಬಿಟ್ಟಿತ್ತು. ಜೇನು ಕೂತರೆ ಮಾತ್ರ ಅದು ಚೆನ್ನಾಗಿ ಬೀಜ ಕಟ್ಟುತ್ತದೆ.

ಹಿಂದಿನ ವಾರ ಚಿಕ್ಕೋಡಿಯ ಪತ್ರಿಕೆ ಕೆಲಸದಿಂದ ರಜೆಗೆ ಬಂದಾಗ ನಾನೂ ಅಕ್ಕನೂ ಒಂದು ಪರೀಕ್ಷೆ ಮಾಡಿದ್ದೆವು. ಬಾಟಲಿಯಲ್ಲಿ ಒಂದಿಷ್ಟು ಹುಳ ಹಾಕಿ, ಸಕ್ಕರೆ ಪುಡಿ ಉದುರಿಸಿ, ಜಾಲರಿಯ ಮುಚ್ಚಳ ಮುಚ್ಚಿ ಅಲ್ಲಾಡಿಸಿದೆವು. ಬಿಳಿ ತಟ್ಟೆಯ ಮೇಲೆ ಸಾಸಿವೆಯಷ್ಟು ದೊಡ್ಡ ಕಂದು ನುಸಿಗಳು ಉದುರಿದವು. ವರೋವಾ. ಎಮ್ಮೆಗೆ ಉಣ್ಣೆ ಹತ್ತುವಂತೆ ಇದು ಜೇನಿಗೆ ಹತ್ತುತ್ತದೆ. ಚಳಿ ಮುಗಿದು ರಾಣಿ ಮೊಟ್ಟೆ ಇಡುವುದು ಹೆಚ್ಚಾದಂತೆ, ಮೇಣ ಮುಚ್ಚಿದ ಕೋಣೆಗಳೊಳಗೆ ಮರಿಗಳ ಮೈಮೇಲೆ ಇದರ ಸಂತಾನವೂ ಹೆಚ್ಚುತ್ತದೆ. ಪೆಟ್ಟಿಗೆಯೊಳಗಿನ ಮೇಣದ ಎರಿಗಳ ನಡುವೆ ಔಷಧದ ಪಟ್ಟಿ ತೂಗುಹಾಕುವುದೆಂದು ನಿರ್ಧರಿಸಿದ್ದೆವು. ಕೆಲವು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಜೇನುತುಪ್ಪ ತೆಗೆಯುವಂತಿಲ್ಲ. ಮಾವನಿಗೆ ಅದು ಸೇರಿರಲಿಲ್ಲ. ನಾನು ಪಟ್ಟಿ ತರುವಷ್ಟರಲ್ಲಿ ಅವರು ತಮ್ಮ ಕೆಲಸ ಮುಗಿಸಿದ್ದರು.

"ಬಾರೋ ತಮ್ಮಾ, ಬಾ!" ಮಾವ ಹಾಳೆಯೊಂದನ್ನು ಮುಂದೆ ಹಿಡಿದರು. ಪೆಟ್ಟಿಗೆಯ ತಳದಲ್ಲಿ ಹಾಸಿದ್ದ ಹಾಳೆ. ಅದರ ತುಂಬ ನುಸಿ. "ನಿಮ್ಮ ಪಟ್ಟಿ ವಾರಗಟ್ಲೆ ಮಾಡೂ ಕೆಲಸಾ ನಾ ಒಂದ ತಾಸಿನ್ಯಾಗ ಮುಗಿಸೇನಿ. ಫುಕಟ ಇಲಾಜ. ನಿಪ್ಪಾಣಿಯಿಂದ ಒಂದ ಚೀಲ ತಂಬಾಕಿನ ಪುಡಿ ತಂದ್ನಿ, ಆತು."

"ಮಾವಾ, ಇವು ಸತ್ತಿಲ್ರಿ. ಅಮಲಿನ್ಯಾಗ ಬಿದ್ದಾವ. ನೋಡ್ರಿ, ಎದ್ದು ಹೊಂಟಾವ."

ಹಾಳೆಯ ಅಂಚಿನಲ್ಲಿ ಎರಡು ನುಸಿ ನಿಜಕ್ಕೂ ನಡೆಯುತ್ತಿದ್ದವು.

"ಪೇಪರನ್ಯಾಗ ಕುಂತ ಮಂದಿ ತಪ್ಪ ತೆಗ್ಯಾಂವ ನೀ. ನುಸಿ ಸತ್ರೂ ತಪ್ಪ ತೆಗಿತಿ!"

ನಾನು ಒಂದು ಎರಿ ಎತ್ತಿ ಚಾಕುವಿನ ತುದಿಯಿಂದ ಮುಚ್ಚಿದ ಕೋಣೆಗಳನ್ನು ಬಿಡಿಸಿದೆ. ಹಾಲಿನಂಥ ಬಿಳಿ ಮರಿ, ಅದರ ಕುತ್ತಿಗೆಯ ಬಳಿ ಕಂದು ನುಸಿ. ಮುಂದಿನ ಕೋಣೆಯಲ್ಲೂ ಅದೇ. ಹೊಗೆ ಮೇಣದ ಮುಚ್ಚಳದೊಳಗೆ ಹೋಗಿರಲಿಲ್ಲ. ನುಸಿ ಉಳಿದಿತ್ತು, ಜೇನು ಸತ್ತಿತ್ತು. ಕೊನೆಯ ಪೆಟ್ಟಿಗೆಯ ತಳದಲ್ಲಿ ಅಕ್ಕನಿಗೆ ಸತ್ತ ರಾಣಿ ಸಿಕ್ಕಿತು. ಅವಳು ಅದನ್ನು ಅಂಗೈಯಲ್ಲಿಟ್ಟು ಗಂಡನಿಗೆ ತೋರಿಸಿದಳು. ರಾಣಿ ಹೋದರೆ ಆ ಪೆಟ್ಟಿಗೆ ಹೋದಂತೆಯೇ.

ಮಾವ ಆಗಲೇ ಹಾಳೆಯ ಫೋಟೊ ತೆಗೆದು ಜೇನು ಸಾಕುವವರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಕೊಗನೊಳ್ಳಿ ಕಡೆಯವರೂ ಶಭಾಷ್ ಎಂದಿದ್ದರು. ಪಕ್ಕದ ಹೊಲದವನು ತಾನೂ ಇವತ್ತೇ ಹಾಕುತ್ತೇನೆ ಎಂದು ಬರೆದಿದ್ದ. ನನಗೆ ಸಿಟ್ಟು ನೆತ್ತಿಗೇರಿದ್ದು ಆಗ. ಅವನ ಜೇನು ಹೊಗೆಗೆ ಬಲ ಕಳೆದುಕೊಂಡರೆ ತನ್ನ ತುಪ್ಪ ಕಾಯಲಾರದು. ಅಕ್ಕನ ಹುಳಗಳು ಅಲ್ಲಿಗೆ ತುಪ್ಪ ಕದಿಯಲು ಹೋಗಿ ಬೆನ್ನ ಮೇಲೆ ನುಸಿ ಹೊತ್ತು ಬರುತ್ತವೆ. ಉಳಿದ ಮೂರು ಪೆಟ್ಟಿಗೆಯೂ ಹೋಗುತ್ತವೆ.

"ತಪ್ಪ ಆತು ಅಂತ ಗುಂಪಿನ್ಯಾಗ ಹಾಕ್ರಿ. ನಮ್ಮ ಪೇಪರನ್ಯಾಗ ತಪ್ಪ ಬಂದ್ರ ಮರುದಿನಾ ತಿದ್ದುಪಡಿ ಹಾಕ್ತೀವಿ."

"ನಿಮ್ಮ ಪೇಪರಿನ ತಿದ್ದುಪಡಿ ಯಾಂವ ಓದ್ತಾನ? ಇದನ್ನ ಎಲ್ಲಾರೂ ಓದ್ತಾರ. ನನ್ನ ಮಾನಾ ಏನಾಗ್ಬೇಕು?"

ಕೊನೆಗೆ ನಾನೇ ತಿದ್ದುಪಡಿ ಬರೆದು ಗುಂಪಿಗೆ ಹಾಕಿದೆ. 'ಹೇಣ್ತಿ ತಮ್ಮಗ ಹೊಟ್ಟಿಕಿಚ್ಚು' ಎಂದು ಒಬ್ಬ ಉತ್ತರಿಸಿದ. ಕೆಳಗೆ ನಗುವ ಮುಖಗಳ ಸಾಲು. ಮಧ್ಯಾಹ್ನ ಪಕ್ಕದ ಹೊಲದ ಮೇಲೆ ಹೊಗೆ ಎದ್ದಿತು, ಅದೇ ಘಾಟು.

ಅಕ್ಕ ಅದನ್ನು ನಿಂತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಟೆಂಪೊ ಕರಿ. ದಿಗ್ಗೇವಾಡಿಗೆ ಒಯ್ಯೂನು. ತವರಮನಿ ಹೊಲದ ಸುತ್ತ ಯಾರೂ ಪೆಟಗಿ ಇಟ್ಟಿಲ್ಲ."

ಮೂರೂ ಪೆಟ್ಟಿಗೆಗಳಲ್ಲಿ ಪಟ್ಟಿ ತೂಗುಹಾಕಿದೆವು. ಹೊತ್ತು ಮುಳುಗಿ ಹುಳಗಳೆಲ್ಲ ಮರಳಿದ ಮೇಲೆ ಬಾಗಿಲಿಗೆ ಜಾಲರಿ ಬಡಿದು ಪೆಟ್ಟಿಗೆಗಳನ್ನು ಟೆಂಪೊಗೆ ಏರಿಸಿದೆವು. ಹಗ್ಗ ಬಿಗಿಯುವಾಗ ಮಾವ ಓಡಿ ಬಂದರು.

"ಏ, ಉಳ್ಳಾಗಡ್ಡಿ ಈಗ ಹೂವಿಗಿ ಬಂದೈತಿ! ಜೇನ ಒಯ್ದ್ರ ಬೀಜಾ ಹೆಂಗ ಕಟ್ಟತೈತಿ?"

ಅಕ್ಕ ಟೆಂಪೊದ ಮುಂದಿನ ಸೀಟು ಹತ್ತಿ ಕೂತಳು. "ಚೀಲದಾಗ ಪುಡಿ ಇನ್ನೂ ಐತೆಲ್ರಿ. ಉಳ್ಳಾಗಡ್ಡಿಗೂ ಹೊಗಿ ಹಾಕ್ರಿ."

ಟೆಂಪೊ ಹೊರಟಾಗ ಮಾವ ಬದುವಿನ ಮೇಲೆ ನಿಂತು ಫೋನಿನಲ್ಲಿ ಏನೋ ಬರೆಯುತ್ತಿದ್ದರು. ತಿದ್ದುಪಡಿ ಇರಬಹುದು ಎಂದುಕೊಂಡು ದಾರಿಯಲ್ಲಿ ಗುಂಪು ತೆರೆದೆ. ಉಳ್ಳಾಗಡ್ಡಿ ಬೀಜದ ಹೊಲಕ್ಕೆ ಜೇನುಪೆಟ್ಟಿಗೆ ಬಾಡಿಗೆಗೆ ಬೇಕಾಗಿವೆ, ಬಲವಾದ ಜೇನು ಇದ್ದವರು ಮಾತ್ರ ತಿಳಿಸಿರಿ ಎಂದು ಬರೆದಿದ್ದರು. ಸ್ವಲ್ಪ ಮೇಲೆ, ಮುಂಜಾನೆ ಹಾಕಿದ್ದ ನುಸಿಯ ಫೋಟೊ ಹಾಗೆಯೇ ಇತ್ತು.