ಕೂರಲೊಲ್ಲದ ಓವಿಲಾ

ಮಾರ್ಚ್‌ನಲ್ಲಿ ಮೇಪಲ್ ಮರಗಳ ರಸ ಇಳಿಯತೊಡಗಿತೆಂದರೆ ಅದನ್ನು ಕಾಯಿಸಿ ಪಾಕ ಮಾಡುವ ಕ್ವಿಬೆಕ್‌ನ ನಮ್ಮ ಕಣಿವೆಯ ಆಲೆಮನೆಗಳಿಗೆಲ್ಲ ಓವಿಲಾನ ಕಾಟ ಶುರುವಾಗುತ್ತದೆ. ಕಾರನ್ನು ಹೊರಗೆ ಗುರುಗುಡಲು ಬಿಟ್ಟು, ಬೂಟಿನ ಹಿಮವನ್ನೂ ಕೊಡವದೆ ಒಳಗೆ ನುಗ್ಗಿ, ಮೈಮೇಲೆ ಇರುವೆ ಬಿಟ್ಟುಕೊಂಡವನ ಹಾಗೆ ಬಾಣಲೆಯ ಸುತ್ತ ಸುಳಿದಾಡುತ್ತಾನೆ. ಪೇಟೆಯ ಹೋಟೆಲಿನಲ್ಲಿ ಅಂಗಡಿಯ ಪಾಕ ಕೊಟ್ಟರೆ, "ಇದ್ರಲ್ಲಿ ಮುರಿದ ಕುರ್ಚಿ ಅಂಟಿಸ್ಕೊಳ್ಳಿ" ಎಂದು ಜೇಬಿನಿಂದ ತನ್ನದೇ ಶೀಶೆ ತೆಗೆಯುವ ಆಸಾಮಿ ಇವನು. ನಮ್ಮ ಬಿಸಿ ಪಾಕವನ್ನು ಸ್ವಂತ ಚಮಚದಲ್ಲಿ ಊದಿ ಊದಿ ನೆಕ್ಕಿ, "ಚೆನ್ನಾಗಿದೆ ಬಿಡಪ್ಪಾ, ಚೆನ್ನಾಗಿದೆ" ಎಂದು ಸಾವಿನ ಸುದ್ದಿ ಹೇಳುವವನ ದನಿಯಲ್ಲಿ ಹೇಳಿ, ಒಂದು ಡಬ್ಬಿ ಕೊಳ್ಳುತ್ತಾನೆ. ನನ್ನ ಹೆಂಡತಿ ಸೊಲಾಂಜ್ ಸ್ಟೂಲು ಎಳೆದು, "ಕೂತ್ಕೊಳ್ಳೋ ಮಾರಾಯ, ಸ್ಟೂಲೇನು ಕಚ್ಚಲ್ಲ" ಎಂದರೆ, "ಇನ್ನೂ ನಾಲ್ಕು ಕಡೆ ಹೋಗ್ಬೇಕು ತಾಯಿ" ಎನ್ನುತ್ತಲೇ ಬಾಗಿಲು ದಾಟಿರುತ್ತಾನೆ. ಈ ವರ್ಷ ಸೊಲಾಂಜ್ ಒಲೆಯ ಪಕ್ಕ ತೂಕಡಿಸಿ ಪಾಕ ತಳ ಹಿಡಿಯಿತು. ಯಾರಾದರೂ ನೋಡುವ ಮೊದಲು ಹಿಮಕ್ಕೆ ಸುರಿದುಬಿಡೋಣವೆಂದು ನಾನು ಬಕೆಟ್ ಹಿಡಿದು ಹೊರಟರೆ ಬಾಗಿಲಲ್ಲೇ ಓವಿಲಾ! "ಬೇಡ ಕಣೋ, ಸೀದುಹೋಗಿದೆ" ಎನ್ನುವಷ್ಟರಲ್ಲಿ ಚಮಚ ಅದ್ದಿಯಾಗಿತ್ತು. ನೆಕ್ಕಿದ. ಮತ್ತೊಮ್ಮೆ ನೆಕ್ಕಿದ. "ನಮ್ಮಪ್ಪ ಬಾಣಲೆ ಮುಂದೆ ಕೂತಲ್ಲೇ ನಿದ್ದೆ ಹೋಗ್ಬಿಡೋನು, ಪ್ರತಿ ವರ್ಷಾನೂ. ಊರೆಲ್ಲ ನಗ್ತಿತ್ತು. ನಮ್ಮನೆ ಪಾಕ ಯಾವಾಗ್ಲೂ ಹೀಗೇ ಇರ್ತಿತ್ತು" ಎಂದ. ಆಮೇಲೆ ಹೊರಗೆ ಹೋಗಿ, ಕಾರು ಆಫ್ ಮಾಡಿ ಬಂದು, ಸ್ಟೂಲಿನ ಮೇಲೆ ಕೂತ.